ಸಿದ್ದಿಗಳು ಯಾರು, ಎಲ್ಲಿಂದ ಬಂದರು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಯಲ್ಲಾಪುರ ತಾಲೂಕಿನವಳು. ಸಿದ್ದಿ ಅಲ್ಲ. ಆದರೆ ಒಂದನೇ ಕ್ಲಾಸಿನಿಂದ ನನ್ನ ಪಕ್ಕ ಕೂತವಳು ಸಿದ್ದಿ ಹುಡುಗಿ, ಇವತ್ತಿಗೂ ನನ್ನ ಜೀವದ ಗೆಳತಿ. ಊರು ಯಲ್ಲಾಪುರ ಅಂತ ಹೇಳಿದ ಕೂಡಲೇ ಜನ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ. ಪ್ರತಿ ಸಲ ಬಾಯಲ್ಲಿ ಹೇಳುವುದಕ್ಕಿಂತ ಒಂದು ಕಡೆ ಬರೆದಿಡೋಣ ಅನಿಸಿತು. ಗೆಳತಿಗೆ ಓದಲು ಕೊಟ್ಟಿದ್ದೆ, ಅವಳು ಹೇಳಿದ ಕಡೆ ತಿದ್ದಿದ್ದೇನೆ.

ಸಿದ್ದಿಗಳು ಅಂದರೆ ಯಾರು?

ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಭಾರತಕ್ಕೆ ಬಂದವರ, ಅದರಲ್ಲೂ ಜಾಸ್ತಿ ಜನ ಇಲ್ಲಿಗೆ ಎಳೆದು ತರಲ್ಪಟ್ಟವರ, ಮಕ್ಕಳು ಮೊಮ್ಮಕ್ಕಳು. ಕರ್ನಾಟಕದಲ್ಲಿ ಇವರು ಹೆಚ್ಚಾಗಿ ಇರುವುದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಅಂಕೋಲಾ, ಶಿರಸಿ ಕಡೆ. ಪಕ್ಕದ ಧಾರವಾಡ ಜಿಲ್ಲೆಯ ಕಲಘಟಗಿ, ಬೆಳಗಾವಿಯ ಖಾನಾಪುರದಲ್ಲೂ ಇದ್ದಾರೆ. ನಕ್ಷೆ ತೆಗೆದು ನೋಡಿದರೆ ಇದೆಲ್ಲ ಒಂದೇ ಕಾಡಿನ ಪಟ್ಟಿ, ಗೋವಾಕ್ಕೆ ಬೆನ್ನು ಹಚ್ಚಿ ಕೂತ ಘಟ್ಟದ ಮೇಲಿನ ನೆಲ. ಆ ಬೆನ್ನು ಹಚ್ಚಿ ಕೂತದ್ದರಲ್ಲೇ ಅರ್ಧ ಚರಿತ್ರೆ ಇದೆ.

ಯಾವಾಗ ಬಂದರು? ಯಾರು ತಂದರು?

ಒಂದೇ ದಿನ, ಒಂದೇ ಹಡಗಿನಲ್ಲಿ ಬಂದವರಲ್ಲ. ಅರಬ್ ವ್ಯಾಪಾರಿಗಳು ಪೂರ್ವ ಆಫ್ರಿಕಾದಿಂದ ಜನರನ್ನು ಹಿಡಿದು, ಕೊಂಡು, ಅರಬ್ಬಿ ಸಮುದ್ರದ ಈ ದಡಕ್ಕೆ ಮಾರುತ್ತಿದ್ದದ್ದು ಪೋರ್ಚುಗೀಸರಿಗಿಂತ ಎಷ್ಟೋ ಮೊದಲಿನಿಂದ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಆಫ್ರಿಕಾದ ಮೊಜಾಂಬಿಕ್ ಕರಾವಳಿಯೂ ಅವರ ಕೈಯಲ್ಲೇ ಇತ್ತು. ಹಾಗಾಗಿ ಅಲ್ಲಿಂದ ಇಲ್ಲಿಗೆ ಮನುಷ್ಯರನ್ನು ಸಾಗಿಸುವುದು ಅವರಿಗೆ ಸರಕು ಸಾಗಿಸಿದಷ್ಟೇ ಮಾಮೂಲಿಯಾಯಿತು. ಮನೆಗೆಲಸ, ಪಲ್ಲಕ್ಕಿ ಹೊರುವುದು, ಹಡಗಿನ ಕೆಲಸ, ಕಾವಲು, ಹೀಗೆ ಎಲ್ಲದಕ್ಕೂ ಗುಲಾಮರೇ. ಕರ್ನಾಟಕದ ಸಿದ್ದಿಗಳಲ್ಲಿ ಬಹಳಷ್ಟು ಜನರ ಹಿರಿಯರು ಹೀಗೆ ಗೋವಾಕ್ಕೆ ಬಂದು, ಅಲ್ಲಿಂದ ಘಟ್ಟ ಹತ್ತಿದವರು.

ಅವರು ಗೋವಾದಿಂದ ತಪ್ಪಿಸಿಕೊಂಡು ಓಡಿ ಬಂದವರು ಅಂತಾರಲ್ಲ, ನಿಜವಾ?

ಹೌದು, ಓಡಿ ಬಂದವರು ಇದ್ದಾರೆ. ಬಿಡುಗಡೆಯಾದ ಮೇಲೆ ಬಂದವರೂ ಇದ್ದಾರೆ. ಘಟ್ಟದ ಮೇಲಿನ ಜಮೀನ್ದಾರರ ಕೈಗೆ ಮಾರಾಟವಾಗಿ ಬಂದವರೂ ಇದ್ದಾರೆ. ಓಡಿ ಬಂದವರ ಬಗ್ಗೆ ಒಂದು ಕ್ಷಣ ಯೋಚನೆ ಮಾಡಿ. ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಭಾಷೆ. ಹಿಂದೆ ಧಣಿಯ ಜನ, ಮುಂದೆ ಹುಲಿ ಇರುವ ಕಾಡು. ಅವರು ಹುಲಿ ಇರುವ ಕಾಡನ್ನೇ ಆರಿಸಿಕೊಂಡರು.

ಇದೇ ಕೆಲಸವನ್ನು ಅದೇ ಕಾಲಕ್ಕೆ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಬೇರೆ ಆಫ್ರಿಕನ್ನರೂ ಮಾಡುತ್ತಿದ್ದರು. ಬ್ರೆಜಿಲ್ಲಿನಲ್ಲಿ ಕಬ್ಬಿನ ತೋಟಗಳಿಂದ ಓಡಿಹೋದವರು ಕಾಡಿನಲ್ಲಿ ಕಟ್ಟಿಕೊಂಡ ಊರುಗಳಿಗೆ ಕಿಲೊಂಬೊ ಅನ್ನುತ್ತಾರೆ. ಅದರಲ್ಲಿ ದೊಡ್ಡದು ಪಾಲ್ಮಾರೆಸ್, 17ನೇ ಶತಮಾನದ ಬಹುಭಾಗ ಪೋರ್ಚುಗೀಸರ ಸೈನ್ಯಕ್ಕೆ ಬಗ್ಗದೆ ನಿಂತಿತ್ತು. ಅದರ ಕೊನೆಯ ನಾಯಕ ಜುಂಬಿಯನ್ನು ಕೊಂದದ್ದು 1695ರ ನವೆಂಬರ್ 20ರಂದು. ಆ ದಿನ ಈಗ ಬ್ರೆಜಿಲ್ಲಿನಲ್ಲಿ ರಾಷ್ಟ್ರೀಯ ರಜೆ. ಜಮೈಕಾದ ಗುಡ್ಡಗಳಿಗೆ ಓಡಿದವರಿಗೆ ಮರೂನರು ಅಂತ ಹೆಸರು. ಅವರನ್ನು ಗೆಲ್ಲಲಾಗದೆ ಇಂಗ್ಲಿಷರು 1739ರಲ್ಲಿ ಒಪ್ಪಂದಕ್ಕೆ ಬರಬೇಕಾಯಿತು. ಗೋವಾದ ಧಣಿಯೂ ಬ್ರೆಜಿಲ್ಲಿನ ಧಣಿಯೂ ಒಬ್ಬನೇ, ಪೋರ್ಚುಗಲ್ಲಿನ ರಾಜ. ನಮ್ಮ ಯಲ್ಲಾಪುರದ ಕಾಡನ್ನು ಈ ಸಾಲಿನಲ್ಲಿಟ್ಟು ಯಾವ ಪಠ್ಯಪುಸ್ತಕವೂ ನಮಗೆ ಕಲಿಸಲಿಲ್ಲ. ನನಗೆ ಇದು ಗೊತ್ತಾದದ್ದು ಕಾಲೇಜು ಮುಗಿದ ಮೇಲೆ, ಅಂದು ರಾತ್ರಿ ನಿದ್ದೆ ಬರಲಿಲ್ಲ.

‘ಸಿದ್ದಿ’ ಅನ್ನುವುದು ಸಂಸ್ಕೃತದ ‘ಸಿದ್ಧಿ’ಯಾ?

ಅಲ್ಲ. ಒಡೆಯ, ಯಜಮಾನ ಅನ್ನುವ ಅರ್ಥದ ಅರಬ್ಬಿಯ ‘ಸಯ್ಯಿದಿ’, ‘ಸೀದಿ’ಯಿಂದ ಬಂದದ್ದು ಅನ್ನುವುದೇ ಎಲ್ಲರೂ ಹೆಚ್ಚಾಗಿ ಒಪ್ಪುವ ಮಾತು. ಹಳೆಯ ದಾಖಲೆಗಳಲ್ಲಿ ‘ಹಬ್ಶಿ’ ಅಂತಲೂ ಇದೆ. ಅದು ಹಬಶ್ ಅಂದರೆ ಅಬಿಸೀನಿಯಾ, ಇಂದಿನ ಇಥಿಯೋಪಿಯಾದ ಕಡೆಯವನು ಅಂತ. ಆಮೇಲೆ ಎಲ್ಲಿಂದ ಬಂದ ಆಫ್ರಿಕನ್ನನಿಗೂ ಅದೇ ಹೆಸರು ಅಂಟಿತು. ಅರಬ್ಬಿಯ ‘ಕಾಫಿರ್’ ಪೋರ್ಚುಗೀಸರ ಬಾಯಲ್ಲಿ ‘ಕಾಫ್ರೆ’ ಆಯಿತು, ನಮ್ಮ ಕರಾವಳಿಗೆ ಬಂದು ‘ಖಾಪ್ರಿ’ ಆಯಿತು. ಕಾರವಾರದಲ್ಲಿ ಖಾಪ್ರಿ ದೇವರ ಗುಡಿಯೇ ಇದೆ. ಬೈಗುಳದ ಹಾಗೆ ಹುಟ್ಟಿದ ಶಬ್ದಕ್ಕೆ ಇಲ್ಲಿಯ ಜನ ಕೈ ಮುಗಿಯುತ್ತಾರೆ.

ಬಂದವರೆಲ್ಲ ಗುಲಾಮರಾಗಿಯೇ ಉಳಿದರಾ?

ಇಲ್ಲ. ಈ ಪ್ರಶ್ನೆಗೆ ನಾನು ಮೊದಲು ಹೇಳುವ ಹೆಸರು ಮಲಿಕ್ ಅಂಬರ್. ಇಥಿಯೋಪಿಯಾದಲ್ಲಿ 1548ರ ಸುಮಾರಿಗೆ ಹುಟ್ಟಿದ ಹುಡುಗ. ಚಿಕ್ಕವನಿದ್ದಾಗಲೇ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ, ದಖ್ಖನಿಗೆ ಬಂದ. ಅಹಮದ್‌ನಗರದ ನಿಜಾಂಶಾಹಿಯಲ್ಲಿ ಸೈನಿಕನಾದ, ಆಮೇಲೆ ಇಡೀ ರಾಜ್ಯವನ್ನೇ ನಡೆಸಿದ. ಮೊಘಲರ ದೊಡ್ಡ ಸೈನ್ಯಕ್ಕೆ ಎದುರಾಬದುರಾ ನಿಲ್ಲದೆ ಗುಡ್ಡಗಾಡಿನಲ್ಲಿ ದಾಳಿ ಮಾಡಿ ಮಾಯವಾಗುವ ಯುದ್ಧ ಮಾಡಿ ಎರಡು ದಶಕ ಅವರನ್ನು ತಡೆದ. ಅವನು ಕಟ್ಟಿದ ಖಡಕಿ ಪಟ್ಟಣವೇ ಮುಂದೆ ಔರಂಗಾಬಾದ್ ಆಯಿತು. ಜಹಾಂಗೀರನಿಗೆ ಇವನ ಮೇಲೆ ಎಷ್ಟು ಸಿಟ್ಟಿತ್ತು ಅಂದರೆ, ಅಂಬರನ ಕಡಿದ ತಲೆಗೆ ತಾನು ಬಾಣ ಬಿಡುತ್ತಿರುವ ಹಾಗೆ ಚಿತ್ರ ಬರೆಸಿಕೊಂಡ. ಚಿತ್ರದಲ್ಲಿ ಮಾತ್ರ. ಅಂಬರ್ 1626ರಲ್ಲಿ ಸತ್ತದ್ದು ವಯಸ್ಸಾಗಿ.

ನಮ್ಮ ವಿಜಯಪುರದಲ್ಲೂ ಇದ್ದರು. ಎರಡನೇ ಇಬ್ರಾಹಿಂ ಆದಿಲ್‌ಶಾಹ ಹುಡುಗನಾಗಿದ್ದಾಗ, 1580ರ ದಶಕದಲ್ಲಿ, ರಾಜ್ಯದ ಆಡಳಿತ ದಿಲಾವರ್ ಖಾನ್ ಅನ್ನುವ ಹಬ್ಶಿಯ ಕೈಯಲ್ಲಿತ್ತು. ಆಮೇಲೆ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, ಗೋಲಗುಮ್ಮಟ ಕಟ್ಟಿಸಿದವನು ಅವನೇ ಅಲ್ವಾ, ಇಖ್ಲಾಸ್ ಖಾನ್ ಅನ್ನುವ ಆಫ್ರಿಕನ್ ಮೂಲದ ಮಂತ್ರಿ ಇದ್ದ. ಸುಲ್ತಾನನ ಜೊತೆ ಅವನು ಇರುವ ಚಿತ್ರಗಳು ಇವತ್ತಿಗೂ ಉಳಿದಿವೆ. ಗೋಲಗುಮ್ಮಟಕ್ಕೆ ಶಾಲೆಯ ಟ್ರಿಪ್ ಹೋಗಿ ಪಿಸುಗುಟ್ಟಿದ ಸದ್ದು ತಿರುಗಿ ಬರುವುದನ್ನು ಕೇಳಿಸಿಕೊಂಡು ಬಂದೆವು. ನನ್ನ ಗೆಳತಿಯೂ ಜೊತೆಗಿದ್ದಳು. ಇಲ್ಲಿ ನಿನ್ನಂಥವರೊಬ್ಬರು ಮಂತ್ರಿಯಾಗಿದ್ದರು ಅಂತ ಅವಳಿಗೆ ಯಾರೂ ಹೇಳಲಿಲ್ಲ. ಹೇಳುವುದಕ್ಕೆ ಎರಡು ನಿಮಿಷ ಸಾಕಿತ್ತು.

ಮಹಾರಾಷ್ಟ್ರದ ಮುರುಡ್ ಹತ್ತಿರದ ಜಂಜೀರಾ ಸಮುದ್ರಕೋಟೆ ಸಿದ್ದಿ ನವಾಬರದು. ಮರಾಠರು ಎಷ್ಟು ಸಲ ಪ್ರಯತ್ನಪಟ್ಟರೂ ಆ ಕೋಟೆ ಬೀಳಲಿಲ್ಲ. ಅಹಮದಾಬಾದಿನಲ್ಲಿ ಕಲ್ಲಿನಲ್ಲಿ ಮರ, ಬಳ್ಳಿ ಕೊರೆದ ಜಾಲಂದರದ ಮಸೀದಿ 1573ರ ಹೊತ್ತಿಗೆ ಸಿದ್ದಿ ಸಯ್ಯದ್ ಕಟ್ಟಿಸಿದ್ದು. ಊರಿಗೆ ಊರೇ ಅದನ್ನು ತನ್ನ ಗುರುತು ಮಾಡಿಕೊಂಡಿದೆ.

ಇದನ್ನೆಲ್ಲ ಹೇಳುವಾಗ ಒಂದು ಎಚ್ಚರ ಬೇಕು. ಅರಮನೆಯ ಹಬ್ಶಿ ಮತ್ತು ಗೋವಾದ ಪಲ್ಲಕ್ಕಿ ಹೊತ್ತ ಹುಡುಗ, ಇಬ್ಬರೂ ಬಂದದ್ದು ಒಂದೇ ಸಮುದ್ರದ ಮೇಲೆ, ಆದರೆ ಬದುಕು ಬೇರೆ ಬೇರೆ. ಯಲ್ಲಾಪುರದ ಸಿದ್ದಿಗಳ ಹಿರಿಯರಲ್ಲಿ ಹೆಚ್ಚಿನವರು ಎರಡನೆಯವರು. ನವಾಬರ ಕತೆ ಹೇಳಿ ಅವರ ಕತೆ ಮುಚ್ಚಬಾರದು.

ಒಬ್ಬರು ಹಿಂದೂ, ಒಬ್ಬರು ಮುಸ್ಲಿಂ, ಒಬ್ಬರು ಕ್ರೈಸ್ತರು. ಮತ್ತೆ ಒಂದೇ ಜನ ಹೇಗೆ?

ಯಾರ ಮನೆಯಲ್ಲಿ, ಯಾರ ತೋಟದಲ್ಲಿ ದುಡಿದರೋ ಅವರ ಧರ್ಮ, ಅವರ ಊಟದ ರೂಢಿ, ಅವರಿಡುವ ಹೆಸರು ಹಿಡಿದುಕೊಂಡರು. ಯಲ್ಲಾಪುರ, ಅಂಕೋಲಾ ಕಡೆ ಹವ್ಯಕರ ಅಡಿಕೆ ತೋಟಗಳಲ್ಲಿ ದುಡಿದವರು ಹಿಂದೂಗಳಾದರು. ಹಾಗಾಗಿ ಸುಬ್ರಾಯ ಸಿದ್ದಿ, ಗಣಪತಿ ಸಿದ್ದಿ ಅನ್ನುವ ಹೆಸರುಗಳು ಕಾಣುತ್ತವೆ. ಕ್ರೈಸ್ತರಲ್ಲಿ ಪೋರ್ಚುಗೀಸ್ ಹೆಸರು, ಮುಸ್ಲಿಮರಲ್ಲಿ ಅವರ ಹೆಸರು.

ಆದರೆ ಎಲ್ಲರ ಹೆಸರಿನ ಹಿಂದೆಯೂ ‘ಸಿದ್ದಿ’ ನಿಲ್ಲುತ್ತದೆ. ಮೂರು ಧರ್ಮದ ಮನೆಗಳ ನಡುವೆ ಕೊಡುಕೊಳ್ಳುವ ಸಂಬಂಧಗಳೂ ಆಗಿವೆ. ಬೇರೆ ಜಾತಿಗಳಲ್ಲಿ ಇಷ್ಟು ಸಲೀಸಾಗಿ ಆಗುವುದನ್ನು ನಾನು ಕಂಡಿಲ್ಲ. ಹಿರಿಯರ ಪೂಜೆಯೂ ಹಾಗೇ. ತೀರಿಕೊಂಡವರು ಮನೆ ಬಿಟ್ಟು ಹೋಗಿಲ್ಲ, ಹಬ್ಬಕ್ಕೆ, ಮದುವೆಗೆ, ಕಷ್ಟಕ್ಕೆ ಅವರನ್ನು ಕರೆಯಬೇಕು, ಅವರಿಗೆ ಎಡೆ ಇಡಬೇಕು ಅನ್ನುವ ನಂಬಿಕೆ ಗಟ್ಟಿಯಾಗಿದೆ. ಗೆಳತಿಯ ಮನೆಯಲ್ಲಿ ದೇವರ ಮೂಲೆಯಲ್ಲಿ ಹಿರಿಯರ ತೆಂಗಿನಕಾಯಿ ಇದೆ. ಚಿಕ್ಕವಳಿದ್ದಾಗ ನಾನು ಅದನ್ನು ಮುಟ್ಟಲು ಹೋಗಿ ಅವಳ ಅಜ್ಜಿಯ ಕೈಯಲ್ಲಿ ಬೈಸಿಕೊಂಡಿದ್ದೇನೆ. ಯಲ್ಲಾಪುರ ತಾಲೂಕಿನ ಸಾತುಂಬೈಲಿನಲ್ಲಿ ಸಿದ್ದಿ ನಾಸ್ ಅನ್ನುವ ದೇವರ ಜಾಗ ಇದೆ, ವರ್ಷಕ್ಕೊಮ್ಮೆ ಅಲ್ಲಿ ಸಿದ್ದಿಗಳು ಸೇರುತ್ತಾರೆ.

ಮನೆಯಲ್ಲಿ ಆಫ್ರಿಕಾದ ಭಾಷೆ ಮಾತಾಡುತ್ತಾರಾ?

ಇಲ್ಲ. ಹಿಂದೂ, ಕ್ರೈಸ್ತ ಸಿದ್ದಿಗಳ ಮನೆಮಾತು ಒಂದು ಬಗೆಯ ಕೊಂಕಣಿ, ಅದರಲ್ಲಿ ಕನ್ನಡ, ಮರಾಠಿ ಬೆರೆತಿದೆ. ಮುಸ್ಲಿಮರ ಮನೆಯಲ್ಲಿ ಉರ್ದು. ಹೊರಗೆ ಎಲ್ಲರಿಗೂ ಕನ್ನಡ. ಗುಲಾಮರನ್ನು ಮಾರುವವನು ಒಂದು ಊರಿನ ಜನರನ್ನು ಒಟ್ಟಿಗೆ ಇಡುತ್ತಿರಲಿಲ್ಲ, ತಾಯಿಯನ್ನು ಮಗುವಿನಿಂದಲೇ ಬೇರೆ ಮಾಡುತ್ತಿದ್ದ. ಭಾಷೆ ಉಳಿಯಬೇಕಾದರೆ ಅದರಲ್ಲಿ ಜಗಳ ಆಡುವುದಕ್ಕಾದರೂ ಇನ್ನೊಬ್ಬರು ಬೇಕಲ್ವಾ?

ಹಾಗಾದರೆ ಆಫ್ರಿಕಾದ್ದು ಅಂತ ಉಳಿದದ್ದು ಏನು?

ತಾಳ ಉಳಿದಿದೆ. ಡಮಾಮಿ ಅಂತ ಚರ್ಮವಾದ್ಯ ಇದೆ, ಅದರ ಹೆಸರೇ ಕುಣಿತಕ್ಕೂ. ಬಾರಿಸುವ ಮೊದಲು ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಸದ್ದು ಬಿಗಿಯಾಯಿತಾ ಅಂತ ಬೆರಳಲ್ಲಿ ತಟ್ಟಿ ನೋಡಿ, ಸಾಲದು ಅನಿಸಿದರೆ ಮತ್ತೆ ಬೆಂಕಿಗೆ. ಹೆಂಗಸರು ಪುಗಡಿ ಆಡುತ್ತಾರೆ. ಗಡಿಗೆಯ ಬಾಯಿಗೆ ಚರ್ಮ ಬಿಗಿದ ಗುಮಟೆಯೂ ಇದೆ. ಆದರೆ ಅದು ನಮ್ಮ ಕರಾವಳಿಯ ಬೇರೆ ಜನರಲ್ಲೂ ಇದೆ, ಗೋವಾದಲ್ಲೂ ಇದೆ.

ಗುಜರಾತಿನ ಸಿದ್ದಿಗಳಲ್ಲಿ ಈ ಎಳೆ ಇನ್ನೂ ಸ್ಪಷ್ಟ. ಅವರ ಕುಣಿತದ ಹೆಸರು ಗೋಮಾ. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ‘ಙೋಮಾ’ ಅಂದರೆ ಡೋಲು, ಕುಣಿತ, ಹಾಡು ಎಲ್ಲವೂ. ಅವರ ಹತ್ತಿರ ಮಲುಂಗಾ ಅನ್ನುವ ವಾದ್ಯವಿದೆ: ಬಿಲ್ಲು, ಒಂದೇ ತಂತಿ, ಕೆಳಗೆ ಸೋರೆಬುರುಡೆ. ಬ್ರೆಜಿಲ್ಲಿನ ಬೆರಿಂಬಾವ್ ನೋಡಿದವರಿಗೆ ಇದು ಅದರ ಒಡಹುಟ್ಟಿದ್ದು ಅಂತ ಕೂಡಲೇ ಗೊತ್ತಾಗುತ್ತದೆ. ಒಂದೇ ಬಿಲ್ಲು ಆಫ್ರಿಕಾದಿಂದ ಪಶ್ಚಿಮಕ್ಕೂ ಹೋಗಿದೆ, ಪೂರ್ವಕ್ಕೂ ಬಂದಿದೆ.

ಸಿದ್ದಿ ಕೌದಿ ಬಗ್ಗೆ ಕೇಳಿದ್ದೇನೆ. ಅದರಲ್ಲಿ ಏನು ವಿಶೇಷ?

ಕೌದಿ ಉತ್ತರ ಕರ್ನಾಟಕದ ಮನೆಮನೆಯಲ್ಲೂ ಇದೆ. ಹಳೆ ಸೀರೆ, ಧೋತರ ಸೇರಿಸಿ ಹೊಲಿದ ಹೊದಿಕೆ ಸಿದ್ದಿಗಳೊಬ್ಬರದೇ ಅಲ್ಲ. ಬೇರೆ ಇರುವುದು ಅವರು ಹೊಲಿಯುವ ರೀತಿ, ಬಣ್ಣ ಹೊಂದಿಸುವ ರೀತಿ. ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಸ್ವಲ್ಪ ಉದ್ದ ಹೇಳುತ್ತೇನೆ.

ಗೆಳತಿಯ ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂರುತ್ತಿದ್ದರು. ಕೆಳಗೆ ಒಂದು ಹಳೆ ಸೀರೆ ಹಾಸಿಕೊಳ್ಳುವುದು, ಅದು ಹಿಂಬದಿ. ಪಕ್ಕದಲ್ಲಿ ಒಂದು ರಾಶಿ ಬಟ್ಟೆ: ಹರಿದ ಲಂಗ, ಮಾವನ ಲುಂಗಿ, ನಮ್ಮ ಶಾಲೆಯ ನೀಲಿ ಯೂನಿಫಾರ್ಮಿನ ತುಂಡು. ಮೊದಲು ಒಂದು ಮೂಲೆ ಹಿಡಿಯುತ್ತಿದ್ದರು. ತುಂಡು ಇಟ್ಟು, ಅಂಚನ್ನು ಹೆಬ್ಬೆರಳಿನ ಉಗುರಿನಿಂದ ಮಡಚಿ ಒತ್ತಿ, ಸಣ್ಣ ಹೊಲಿಗೆ ಹಾಕುತ್ತಾ ಅಂಚಿನುದ್ದಕ್ಕೂ ಹೋಗಿ, ಮೂಲೆ ಬಂದಾಗ ತಿರುಗಿ, ಸುತ್ತು ಮುಗಿದಾಗ ಒಳಗಿನ ಸುತ್ತು, ಮತ್ತೆ ಅದರ ಒಳಗಿನ ಸುತ್ತು. ಹೀಗೆ ಹೊರಗಿನಿಂದ ನಡುವಿಗೆ ಬರುವುದು. ಅಳತೆಪಟ್ಟಿ ಇಲ್ಲ, ಗೆರೆ ಇಲ್ಲ. ಕೆಂಪಿನ ಪಕ್ಕ ಯಾವುದು ಬರಬೇಕು ಅಂತ ಕೈಗೇ ಗೊತ್ತಿತ್ತು. ಒಂದು ಸಲ ನಾನು ಹಸಿರು ತುಂಡು ಕೊಟ್ಟೆ. ಇಟ್ಟು ನೋಡಿ, ತಲೆ ಅಲ್ಲಾಡಿಸಿ, ಸುಮ್ನೆ ಪಕ್ಕಕ್ಕಿಟ್ಟರು. ಎರಡು ದಿನ ಬಿಟ್ಟು ನೋಡಿದರೆ ಆ ಹಸಿರು ಇನ್ನೊಂದು ಮೂಲೆಯಲ್ಲಿ ಕೂತಿತ್ತು, ಅಲ್ಲಿಗೆ ಅದೇ ಸರಿ ಇತ್ತು.

ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಮಡಚಿ ಹೊಲಿಯಬೇಕು. ಅದಕ್ಕೆ ಫೂಲ ಅನ್ನುತ್ತಾರೆ, ಹೂವು. ಫೂಲ ಇಲ್ಲದ ಕೌದಿ ಬತ್ತಲೆ ಇದ್ದ ಹಾಗೆ, ಅದನ್ನು ಯಾರಿಗೂ ಕೊಡಬಾರದು. ಕೆಲವು ಕ್ರೈಸ್ತ ಹೆಂಗಸರು ನಡುವೆ ಶಿಲುಬೆ ಕೂರಿಸುತ್ತಾರೆ, ಕೆಲವು ಮುಸ್ಲಿಂ ಹೆಂಗಸರು ಚಂದ್ರ. ಹೊಲಿಯುವ ದಾರಿ ಮಾತ್ರ ಎಲ್ಲರದೂ ಅದೇ, ಮೂಲೆಯಿಂದ ಶುರುವಾಗಿ ಸುತ್ತುತ್ತಾ ನಡುವಿಗೆ.

ಆಫ್ರಿಕಾದ ಕಲೆಯನ್ನು ಜೀವಮಾನವಿಡೀ ಓದಿದ ಅಮೆರಿಕದ ಪ್ರೊಫೆಸರ್ ಹೆನ್ರಿ ಡ್ರೂವಲ್ ಇಲ್ಲಿಗೆ ಬಂದು ಈ ಕೌದಿಗಳನ್ನು ನೋಡಿ, 2004ರಲ್ಲಿ ಸಿದ್ದಿ ಹೆಂಗಸರದೇ ಒಂದು ಕೌದಿ ಸಂಘ ಕಟ್ಟಲು ನೆರವಾದರು. ಆಮೇಲೆ ಇವು ಅಮೆರಿಕದ ಪ್ರದರ್ಶನಗಳಿಗೂ ಹೋದವು. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಅಂತ ಒಂದು ಹಳ್ಳಿ ಇದೆ, ಅಲ್ಲಿಯ ಕಪ್ಪು ಹೆಂಗಸರು ದುಡಿದು ಸವೆದ ಬಟ್ಟೆಗಳಿಂದ ಹೊಲಿದ ಕೌದಿಗಳು ಈಗ ದೊಡ್ಡ ಮ್ಯೂಸಿಯಂಗಳಲ್ಲಿವೆ. ಎರಡನ್ನೂ ಫೋಟೋದಲ್ಲಿ ಅಕ್ಕಪಕ್ಕ ಇಟ್ಟು ಗೆಳತಿಗೆ ತೋರಿಸಿದೆ. ‘ಇದು ಯಾರ ಮನೇದು?’ ಅಂತ ಕೇಳಿದಳು.

ಡಿಎನ್‌ಎ ಪರೀಕ್ಷೆಯಲ್ಲಿ ಏನು ಬಂದಿದೆ?

2011ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಭಾರತದ ಸಿದ್ದಿಗಳ ವಂಶವಾಹಿಯಲ್ಲಿ ಸುಮಾರು 60ರಿಂದ 75 ಶೇಕಡಾ ಆಫ್ರಿಕಾದ್ದು, ಅದರಲ್ಲೂ ಆ ಖಂಡದ ಮಧ್ಯ, ಪೂರ್ವ, ದಕ್ಷಿಣ ಭಾಗಗಳಲ್ಲಿ ಹರಡಿರುವ ಬಾಂಟು ಭಾಷೆಗಳ ಜನರಿಗೆ ಹತ್ತಿರದ್ದು. ಉಳಿದದ್ದರಲ್ಲಿ ಭಾರತದ್ದು, ಸ್ವಲ್ಪ ಯುರೋಪಿನದೂ ಇದೆ. ತಂದೆಯ ಕಡೆಯಿಂದ ಆಫ್ರಿಕಾ ಜಾಸ್ತಿ, ತಾಯಿಯ ಕಡೆಯಿಂದ ಭಾರತ ಜಾಸ್ತಿ. ಇಲ್ಲಿಯ ಹೆಣ್ಣುಮಕ್ಕಳು ಅವರ ಮನೆಗೆ ಸೊಸೆಯಾಗಿ ಹೋಗಿದ್ದಾರೆ ಅಂತ ಅರ್ಥ. ಅಂದರೆ ಅವರು ನಮಗೆ ನೆಂಟರು.

ಅಮೆರಿಕದ ಕಪ್ಪು ಜನರಿಗೂ ಇವರಿಗೂ ಏನು ಸಂಬಂಧ?

ಇಬ್ಬರ ಹಿರಿಯರೂ ಆಫ್ರಿಕಾದಿಂದ ಎಳೆದು ತರಲ್ಪಟ್ಟವರು, ಅವರನ್ನು ಪಶ್ಚಿಮಕ್ಕೆ ಒಯ್ದರು, ಇವರನ್ನು ಪೂರ್ವಕ್ಕೆ ತಂದರು. ಅಟ್ಲಾಂಟಿಕ್ ದಾಟಿಸಲು ಆಫ್ರಿಕಾದ ದಡದಲ್ಲಿ ಹಡಗು ಹತ್ತಿಸಿದ ಜನ ಸುಮಾರು 1 ಕೋಟಿ 25 ಲಕ್ಷ. ಅದರಲ್ಲಿ ಹದಿನೆಂಟು ಲಕ್ಷದಷ್ಟು ಜನ ದಾರಿಯಲ್ಲೇ ಸತ್ತರು. ಬ್ರೆಜಿಲ್ ಒಂದಕ್ಕೇ ಹತ್ತಿರ ಹತ್ತಿರ 50 ಲಕ್ಷ. ಇಂದಿನ ಅಮೆರಿಕಕ್ಕೆ ನೇರವಾಗಿ ಹೋದವರು 4 ಲಕ್ಷದೊಳಗೆ. ಕಪ್ಪು ಜನರ ಹೋರಾಟ ಅಂದರೆ ನಮ್ಮ ಕಣ್ಣಿಗೆ ಬರುವುದು ಅಮೆರಿಕ, ಯಾಕೆಂದರೆ ಸಿನಿಮಾ, ಪುಸ್ತಕ, ಹಾಡು ಎಲ್ಲ ಅಲ್ಲಿಂದ ಬರುತ್ತವೆ. ಹಿಂದೂ ಮಹಾಸಾಗರದ ಕಡೆಯ ಕತೆ ಬರೆದವರೇ ಕಡಿಮೆ.

ಗೆಳತಿಗೆ ನೇರವಾಗಿ ಕೇಳಿದೆ: ನೀನು ನಿನ್ನನ್ನು ‘ಬ್ಲ್ಯಾಕ್’ ಅಂತ ಅಂದುಕೊಳ್ಳುತ್ತೀಯಾ? ‘ಮೊದಲು ಸಿದ್ದಿ’ ಅಂದಳು. ಅವಳ ತಮ್ಮ ಬೇರೆ. ಇಂಟರ್ನೆಟ್ಟಿನಲ್ಲಿ ಜಮೈಕಾದ ರೆಗೆ ಹಾಡು ಕೇಳುತ್ತಾ, ಕೂದಲು ಅಮೆರಿಕದ ಹುಡುಗರ ಹಾಗೆ ಹೆಣೆಸಿಕೊಂಡು ಓಡಾಡುತ್ತಾನೆ. ಅವನಿಗೆ ಆ ದೊಡ್ಡ ಕುಟುಂಬ ಬೇಕು. ಅಜ್ಜಿಗೆ ಆಫ್ರಿಕಾ ಅನ್ನುವ ಹೆಸರೇ ಕೊನೆಗಾಲದಲ್ಲಿ ಕೇಳಿ ಗೊತ್ತಾದದ್ದು, ಅವರಿಗೆ ಹಿರಿಯರು ಇದ್ದರು, ಕಾಡಿತ್ತು, ಅಷ್ಟು ಸಾಕಿತ್ತು. ಒಂದೇ ಮನೆಯಲ್ಲಿ ಮೂರು ಉತ್ತರ, ಮೂರೂ ನಿಜ.

ಬೇರೆ ಎಲ್ಲೆಲ್ಲಿ ಇಂಥ ಜನ ಇದ್ದಾರೆ?

ಗುಜರಾತಿನ ಜಾಂಬೂರ್, ರತನಪುರ ಕಡೆ. ರತನಪುರದಲ್ಲಿ ಬಾವಾ ಗೋರ್ ಅನ್ನುವ ಆಫ್ರಿಕನ್ ಸಂತನ ದರ್ಗಾ ಇದೆ. ಹೈದರಾಬಾದಿನಲ್ಲಿ ನಿಜಾಮನ ಕಾವಲು ಪಡೆಗೆ ಬಂದವರ ಮೊಮ್ಮಕ್ಕಳಿದ್ದಾರೆ. ಪಾಕಿಸ್ತಾನದಲ್ಲಿ ಶೀದಿಗಳು ಅನ್ನುತ್ತಾರೆ, ಕರಾಚಿಯ ಮಂಘೋ ಪೀರ್ ದರ್ಗಾದ ಮೊಸಳೆಗಳಿಗೆ ಹಾರ ಹಾಕಿ ಹಬ್ಬ ಮಾಡುತ್ತಾರೆ. ಶ್ರೀಲಂಕಾದ ಪುತ್ತಲಂ ಹತ್ತಿರ ಒಂದು ಸಣ್ಣ ಸಮುದಾಯ ಮಾಂಜಾ ಅನ್ನುವ ಹಾಡುಗಳನ್ನು ಹಾಡುತ್ತದೆ. ಇರಾನ್, ಇರಾಕ್, ಟರ್ಕಿಯಲ್ಲೂ ಇದ್ದಾರೆ.

ಎಸ್‌ಟಿ ಪಟ್ಟಿಗೆ ಯಾವಾಗ ಸೇರಿದರು? ಅದು ಅಷ್ಟು ಮುಖ್ಯವಾ?

ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ. ಧಾರವಾಡ, ಬೆಳಗಾವಿಯ ಸಿದ್ದಿಗಳು 2020ರಲ್ಲಿ. ನಡುವೆ ಹದಿನೇಳು ವರ್ಷ. ಅಷ್ಟೂ ವರ್ಷ ಹಳಿಯಾಳದ ಅಣ್ಣ ಪರಿಶಿಷ್ಟ ಪಂಗಡ, ಪಕ್ಕದ ತಾಲೂಕು ಕಲಘಟಗಿಯ ತಮ್ಮ ಅಲ್ಲ. ಮುಖ ಅದೇ, ಬಡತನ ಅದೇ, ಜಿಲ್ಲೆಯ ಗಡಿ ಮಾತ್ರ ಬೇರೆ.

ಮುಖ್ಯ ಹೌದು, ಬಹಳ ಮುಖ್ಯ. ಸ್ಕಾಲರ್‌ಶಿಪ್ಪು, ಹಾಸ್ಟೆಲು, ನೌಕರಿ ಎಲ್ಲರಿಗೂ ಗೊತ್ತು. ಜನ ಗಮನಿಸದೇ ಇರುವುದು ಜಮೀನಿನ ವಿಷಯ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಆ ನೆಲದಲ್ಲಿ ಇದ್ದರೆ ಸಾಕು. ಬೇರೆಯವರಾದರೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆವು ಅಂತ ತೋರಿಸಬೇಕು. ತೋಟದ ಒಡೆಯರ ಕಾಗದದಲ್ಲಿ ಹೆಸರೇ ಇಲ್ಲದೆ ಕೂಲಿ ಮಾಡಿದವರು, ಕಾಡಿನ ಅಂಚಿಗೆ ಬಿಡಾರ ಕಟ್ಟಿಕೊಂಡವರು, 75 ವರ್ಷದ ಪುರಾವೆ ಎಲ್ಲಿಂದ ತರಬೇಕು? ಅವರ ಪುರಾವೆ ಅಂದರೆ ಅವರು ನೆಟ್ಟ ಮರ, ಅವರು ಜೇನು ಕೀಳುವ ಬಂಡೆ, ಹೂತಿಟ್ಟ ಹಿರಿಯರು. ಅರ್ಜಿಯ ಜೊತೆ ಇದನ್ನು ಲಗತ್ತಿಸುವುದು ಸುಲಭವಲ್ಲ.

ಸಿದ್ದಿಗಳು ಓಟದಲ್ಲಿ ಮುಂದೆ ಅಂತಾರಲ್ಲ?

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡಲು ಶುರು ಮಾಡಿತು, ಆಗ ಕ್ರೀಡಾ ಸಚಿವೆ ಮಾರ್ಗರೆಟ್ ಆಳ್ವಾ. ಕೆಲವರು ನಿಜವಾಗಿಯೂ ರಾಷ್ಟ್ರಮಟ್ಟಕ್ಕೆ ಹೋದರು. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಿತು, ಮಕ್ಕಳು ತಿರುಗಿ ಊರಿಗೆ, ಕೂಲಿಗೆ. ಇತ್ತೀಚೆಗೆ ಮತ್ತೆ ತರಬೇತಿಗಳು ನಡೆಯುತ್ತಿವೆ, ಒಳ್ಳೆಯದೇ. ಆದರೆ ‘ಅವರ ರಕ್ತದಲ್ಲೇ ಓಟ ಇದೆ’ ಅನ್ನುವ ಮಾತು ನನಗೆ ಸೇರುವುದಿಲ್ಲ. ಓಡಿ ಗೆದ್ದ ಮಗು ಬೆಳಿಗ್ಗೆ ಐದಕ್ಕೆ ಎದ್ದು ದುಡಿದಿರುತ್ತದೆ. ಅದೇ ಮಗುವಿಗೆ ಗಣಿತ ಇಷ್ಟ ಇದ್ದರೆ ಗಣಿತದ ಮೇಷ್ಟ್ರು ಬೇಕು, ಕೋಚ್ ಅಲ್ಲ.

ಹೆಸರು ಮಾಡಿದ ಸಿದ್ದಿಗಳು ಯಾರಿದ್ದಾರೆ?

ಯಲ್ಲಾಪುರದ ಹಿತ್ಲಳ್ಳಿಯ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು, ರಾಜ್ಯದ ಶಾಸನಸಭೆಯಲ್ಲಿ ಕೂತ ಮೊದಲ ಸಿದ್ದಿ. ಹೆಗ್ಗೋಡಿನ ನೀನಾಸಮ್‌ನಲ್ಲಿ ಕಲಿತ ಪ್ರಶಾಂತ್ ಸಿದ್ದಿ ಕನ್ನಡ ಸಿನಿಮಾಗಳಲ್ಲಿ, ಗಿರಿಜಾ ಸಿದ್ದಿ ರಂಗಭೂಮಿ, ಹಾಡುಗಾರಿಕೆಯಲ್ಲಿ ಇದ್ದಾರೆ. ಗುಜರಾತಿನ ಜಾಂಬೂರಿನ ಹೀರಬಾಯಿ ಲೋಬಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅವರು ರಾಷ್ಟ್ರಪತಿ ಭವನದಲ್ಲಿ ನಡೆದು ಬರುವುದನ್ನು ಗೆಳತಿಯ ಮನೆಯಲ್ಲಿ ಫೋನಿನಲ್ಲಿ ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ.

‘ನೀವು ಯಾವ ದೇಶದವರು’ ಅಂತ ಕೇಳಿದರೆ ತಪ್ಪಾ?

ತಪ್ಪು. ಯಾಕೆ ಅಂತ ಹೇಳುತ್ತೇನೆ.

ಗೆಳತಿ ಒಂದು ಪರೀಕ್ಷೆ ಬರೆಯಲು ಬೆಂಗಳೂರಿಗೆ ಹೋದಳು, ನಾನೂ ಜೊತೆಗಿದ್ದೆ. ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಲಾಡ್ಜ್. ಕೌಂಟರಿನಲ್ಲಿ ಕೂತವನು ನನಗೆ ಆಧಾರ್ ಕೇಳಿದ, ಅವಳಿಗೆ ಪಾಸ್‌ಪೋರ್ಟ್ ಕೇಳಿದ. ಅವಳು ಮಾತಾಡದೆ ಆಧಾರ್ ಕೊಟ್ಟಳು. ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ‘ಇದು ಒರಿಜಿನಲ್ಲಾ?’ ಅಂದ. ಯಲ್ಲಾಪುರ ಅಂತ ಬರೆದಿತ್ತಲ್ಲ, ಓದಲು ಬರುತ್ತಿತ್ತಲ್ಲ ಅವನಿಗೆ. ಅವಳು ಕನ್ನಡದಲ್ಲಿ ಉತ್ತರ ಕೊಟ್ಟ ಮೇಲೆ ಮುಖ ಅರಳಿಸಿ, ‘ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ ಮೇಡಂ!’ ಅಂದ. ರೂಮಿಗೆ ಹೋದ ಮೇಲೆ ಅವಳು ಅತ್ತಳು. ಪಾಸ್‌ಪೋರ್ಟ್ ಕೇಳಿದ್ದಕ್ಕಲ್ಲ, ಆ ಹೊಗಳಿಕೆಗೆ.

ಬೆಂಗಳೂರಿನಲ್ಲಿ ಓದಲು ಬಂದ ಆಫ್ರಿಕಾದ ವಿದ್ಯಾರ್ಥಿಗಳೂ ಇದೇ ಅನುಮಾನದ ಕಣ್ಣುಗಳ ನಡುವೆ ಓಡಾಡುತ್ತಾರೆ. ‘ಇವರು ಆಫ್ರಿಕಾದವರಲ್ಲ, ನಮ್ಮವರು, ಬಿಡಿ’ ಅಂತ ನಾನು ಆ ದಿನ ಕೌಂಟರಿನಲ್ಲಿ ಹೇಳಿದ್ದೆ. ಆಫ್ರಿಕಾದವರಾಗಿದ್ದರೆ ಹಾಗೆ ನಡೆಸಿಕೊಳ್ಳಬಹುದಿತ್ತು ಅಂತ ನನ್ನ ಮಾತಿನ ಅರ್ಥ ಆಯಿತಲ್ಲ ಅಂತ ಆಮೇಲೆ ಹೊಳೆಯಿತು. ಈಗ ಹಾಗೆ ಹೇಳುವುದಿಲ್ಲ.

ಇನ್ನೊಂದು ವಿಷಯ. ರಾಗಿ ಮೊದಲು ಬೆಳೆದದ್ದು ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ. ಜೋಳವೂ ಆಫ್ರಿಕಾದ್ದು, ಅಲಸಂದೆಯೂ. ಸಾವಿರಾರು ವರ್ಷಗಳ ಹಿಂದೆ ಸಮುದ್ರ ದಾಟಿ ಬಂದವು. ಮುದ್ದೆ ನಮ್ಮದು, ರೊಟ್ಟಿ ನಮ್ಮದು ಅಂತ ನಾವು ಎದೆ ತಟ್ಟಿ ಹೇಳುತ್ತೇವೆ, ಸರಿಯಾಗಿಯೇ ಹೇಳುತ್ತೇವೆ.

ಯಲ್ಲಾಪುರ ಕಡೆ ಬಂದರೆ ಸಿದ್ದಿಗಳನ್ನು ನೋಡಬಹುದಾ?

‘ನೋಡುವುದಕ್ಕೆ’ ಬರಬೇಡಿ. ಮನೆ ಮುಂದೆ ಕಾರು ನಿಲ್ಲಿಸಿ ಮಕ್ಕಳ ಗುಂಗುರು ಕೂದಲು ಮುಟ್ಟಿ ಫೋಟೋ ತೆಗೆದುಕೊಂಡು ಹೋಗುವವರನ್ನು ನಾನು ಕಂಡಿದ್ದೇನೆ. ಡಮಾಮಿ ಕಾರ್ಯಕ್ರಮ ಇದ್ದಾಗ ಬನ್ನಿ, ಕೂತು ಪೂರ್ತಿ ನೋಡಿ. ಕುಣಿಸಿದರೆ ಕಲಾವಿದರಿಗೆ ಕೊಡುವ ಸಂಭಾವನೆ ಕೊಡಿ, ಊಟ ಹಾಕಿದೆವಲ್ಲ ಅನ್ನಬೇಡಿ. ಕೌದಿ ಬೇಕಾದರೆ ಹೊಲಿದವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ, ಒಂದು ದೊಡ್ಡ ಕೌದಿಗೆ ವಾರಗಟ್ಟಲೆ ಕೆಲಸ ಇರುತ್ತದೆ. ಅವಸರ ಮಾಡಿದರೆ ಸಿಗುವುದಿಲ್ಲ. ಗದ್ದೆ ಕೆಲಸ ಮುಗಿದು, ಬಟ್ಟೆ ಕೂಡಿ, ಬಿಸಿಲು ಬಂದ ಮೇಲೆ ಸೂಜಿ ಹಿಡಿಯುತ್ತಾರೆ. ಕೈಗೆ ಬಂದ ಮೇಲೆ ನಾಲ್ಕು ಮೂಲೆಯಲ್ಲೂ ಫೂಲ ಇದೆಯಾ ನೋಡಿಕೊಳ್ಳಿ.